ಮಳೆ ಕಾಣದ ಮನೆ

(ಶಿವಮೊಗ್ಗದಲ್ಲಿ, ಹೊಸ ಮನೆ ಕಟ್ಟಿಸುತ್ತಿರುವವರು ಮತ್ತು ಹಳೆ ಮನೆ ರಿಪೇರಿಗೆ ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ ‘ಒಳಾಂಗಣ ವಿನ್ಯಾಸದ ಹೊಸ ಟ್ರೆಂಡ್‌ಗಳು’ ಅಂತ ಅಚ್ಚು ಹಾಕಿಸಿದ್ದಾರೆ. ಬರೀ ಪಟ್ಟಿ ಬೇಕಿದ್ದರೆ ನಿಮ್ಮ ಕೈಯಲ್ಲಿರುವ ಮೊಬೈಲೇ ನನಗಿಂತ ಚೆನ್ನಾಗಿ ಒಪ್ಪಿಸುತ್ತದೆ. ಈಚೆಗೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಡಿಸೈನರ್ ಶೋಹೌಸ್ ನೋಡಿ ಬಂದೆ. ಅಲ್ಲಿ ಕಂಡದ್ದರಲ್ಲಿ ಯಾವುದು ತುಂಗೆಯ ದಡಕ್ಕೆ, ತೀರ್ಥಹಳ್ಳಿ–ಸಾಗರ–ಹೊಸನಗರದ ಕಡೆಗೆ ಬಂದೀತು, ಯಾವುದಕ್ಕೆ ಅಲ್ಲೇ ಕೈಮುಗಿದು ಬರಬೇಕು ಅನ್ನುವುದಷ್ಟೇ ನನ್ನ ಮಾತು.

ಶೋಹೌಸ್ ಅಂದರೆ ಬಿಲ್ಡರ್‌ಗಳು ತೋರಿಸುವ ಮಾಡೆಲ್ ಫ್ಲ್ಯಾಟ್ ಅಲ್ಲ. ಮಾಡೆಲ್ ಫ್ಲ್ಯಾಟ್‌ನ ಉದ್ದೇಶ ಗೋಡೆಗಳನ್ನು ಮಾರುವುದು. ಅದಕ್ಕಾಗಿ ಕೋಣೆ ದೊಡ್ಡದಾಗಿ ಕಾಣಲಿ ಅಂತ ಅಳತೆಗಿಂತ ಚಿಕ್ಕ ಮಂಚ ಹಾಕುವುದು, ಒಳಬಾಗಿಲುಗಳನ್ನೇ ತೆಗೆದಿಡುವುದು, ಗೋಡೆ ತುಂಬ ಕನ್ನಡಿ ಅಂಟಿಸುವುದು ಎಲ್ಲ ಉಂಟು. ಡಿಸೈನರ್ ಶೋಹೌಸ್ ಮೂಲದಲ್ಲಿ ಅಮೆರಿಕದ ರೂಢಿ. ಖಾಲಿ ಇರುವ ದೊಡ್ಡ ಮನೆಯೊಂದನ್ನು ಕೆಲವು ವಾರಗಳ ಮಟ್ಟಿಗೆ ಪಡೆದು, ಒಂದೊಂದು ಕೋಣೆಯನ್ನು ಒಬ್ಬೊಬ್ಬ ವಿನ್ಯಾಸಕಾರರಿಗೆ ಹಂಚಿಬಿಡುತ್ತಾರೆ. ಜನ ಟಿಕೆಟ್ ಕೊಂಡು ನೋಡುತ್ತಾರೆ, ಬಂದ ಹಣ ಯಾವುದಾದರೂ ಧರ್ಮಕಾರ್ಯಕ್ಕೆ ಹೋಗುತ್ತದೆ. ನ್ಯೂಯಾರ್ಕ್‌ನ ಕಿಪ್ಸ್ ಬೇ ಶೋಹೌಸ್ ಇವುಗಳಲ್ಲಿ ಹೆಸರುವಾಸಿ. ಮಕ್ಕಳ ಕ್ಲಬ್ಬೊಂದಕ್ಕೆ ಹಣ ಕೂಡಿಸಲು 1973ರಲ್ಲಿ ಶುರುವಾದದ್ದು. ನಾನು ನೋಡಿದ್ದೂ ಕೋಣೆಗೊಬ್ಬ ವಿನ್ಯಾಸಕಾರರ ಅದೇ ಮಾದರಿಯದು.

ವಿನ್ಯಾಸಕಾರರಿಗೆ ಇಂಥ ಕಡೆ ಕೈ ಬಿಚ್ಚಿ ಕೆಲಸ ಮಾಡುವ ಹುಮ್ಮಸ್ಸು. ಏಕೆಂದರೆ ಮನೆ ಯಜಮಾನ ಅನ್ನುವವನೇ ಇಲ್ಲ. ‘ದೇವರ ಫೋಟೋ ಎಲ್ಲಿಡೋದು’ ಅಂತ ಕೇಳುವ ಅತ್ತೆಯಿಲ್ಲ, ಗೋಡೆಗೆ ಗೀಚುವ ಮಗುವಿಲ್ಲ, ಫ್ರಿಡ್ಜಿನ ಮೇಲೆ ಔಷಧಿ ಡಬ್ಬಿಯಿಲ್ಲ. ಅದು ಮದುವೆ ಮಂಟಪವಿದ್ದ ಹಾಗೆ: ಆ ಹೊತ್ತಿಗೆ ಕಣ್ಣು ಕೋರೈಸಬೇಕು, ಆಮೇಲೆ ಬಿಚ್ಚಬೇಕು. ಅದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ಮನೆ ಒಂದೇ ಒಂದು ಮಳೆಗಾಲವನ್ನೂ ಕಂಡಿರುವುದಿಲ್ಲ. ನಮಗೆ ಮುಖ್ಯವಾಗುವುದು ಅದೊಂದೇ ಸಂಗತಿ. ಅಲ್ಲಿಂದ ಜೋಡಣೆಯನ್ನು ಕಲಿತು ಬನ್ನಿ. ಬೆಳಕು ಎಲ್ಲಿಟ್ಟರು, ಕೂರುವ ಜಾಗ ಯಾವ ಕಡೆಗೆ ತಿರುಗಿದೆ, ಬಾಗಿಲಿನಿಂದ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ಸಾಮಾನು ಯಾವುದು ಬಳಸಬೇಕು ಅನ್ನುವುದಕ್ಕೆ ಮಾತ್ರ ಅಲ್ಲಿ ಕೇಳಬೇಡಿ. ಅದಕ್ಕೆ ನಮ್ಮಲ್ಲೇ ಹಲವು ತಲೆಮಾರು ಮಳೆ ತಿಂದು ನಿಂತ ಮನೆಗಳಿವೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಬೆಂಗಳೂರಿನಲ್ಲಿ 1000ದ ಆಸುಪಾಸು. ಶಿವಮೊಗ್ಗ ಪೇಟೆಯಲ್ಲಿ ಆಗುಂಬೆಯ ಕಾಲುಭಾಗವೂ ಬೀಳುವುದಿಲ್ಲ ನಿಜ, ಆದರೆ ಗಾಜನೂರು ದಾಟಿ ಮಂಡಗದ್ದೆ ಕಡೆ ಹೊರಟರೆ ಲೆಕ್ಕ ಬದಲಾಗುತ್ತಾ ಹೋಗುತ್ತದೆ. ಬೀಳುವ ನೀರಿಗಿಂತ ಗಾಳಿಯಲ್ಲಿ ನಿಲ್ಲುವ ನೀರು ಒಳಾಂಗಣಕ್ಕೆ ದೊಡ್ಡ ಶತ್ರು. ಗೋಡೆ, ಬಟ್ಟೆ, ಮರದ ಮೈಗೆ ತಾಗಿದ ಗಾಳಿಯ ತೇವ ಶೇ 80 ದಾಟಿ ಹಾಗೇ ನಿಂತರೆ ಬೂಷ್ಟು ಏಳಲು ಅಷ್ಟೇ ಸಾಕು. ನಮ್ಮಲ್ಲಿ ಜುಲೈ, ಆಗಸ್ಟ್‌ನಲ್ಲಿ ಅದು ಶೇ 90ರ ಹತ್ತಿರ ವಾರಗಟ್ಟಲೆ ನಿಂತಿರುತ್ತದೆ. ಚರ್ಮದ ಚಪ್ಪಲಿ ಹಸಿರಾಗುವುದು, ಬೀರುವಿನ ರೇಷ್ಮೆ ಸೀರೆಗೆ ಮುಗ್ಗು ವಾಸನೆ, ಅಲ್ಬಂನ ಫೋಟೋಗಳು ಒಂದಕ್ಕೊಂದು ಅಂಟುವುದು, ನಿಮಗೆ ನಾನು ಹೇಳಬೇಕೆ?

ಮೊದಲು ಮೆಚ್ಚಿದ್ದನ್ನೇ ಹೇಳುತ್ತೇನೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿನ ಊಟದ ಕೋಣೆಯಲ್ಲಿ. ಮೇಲಿನಿಂದ ಸುರಿಯುವ ದೀಪ ಒಂದೂ ಇರಲಿಲ್ಲ. ಮೇಜಿನ ಮೇಲೆ, ಎದುರು ಕೂತವರ ಮುಖ ಮರೆಯಾಗದಷ್ಟು ಎತ್ತರಕ್ಕೆ ಇಳಿಬಿಟ್ಟ ಒಂದು ದೀಪ. ಗೋಡೆಯಲ್ಲಿ ಕಣ್ಣಿನ ಮಟ್ಟಕ್ಕೆ ಎರಡು. ಮೂಲೆಯಲ್ಲಿ ಗಿಡದ ಹಿಂದೆ, ನೆಲಕ್ಕೆ ಹತ್ತಿರ ಒಂದು. ಅಷ್ಟೇ. ಕೋಣೆಗೆ ಆಳ ಬಂದಿತ್ತು. ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಹಾಲಿನ ನಟ್ಟನಡುವೆ, ಅಥವಾ ಗೋಡೆಯ ನೆತ್ತಿಯಲ್ಲಿ, 6500 ಕೆಲ್ವಿನ್‌ನ ಬಿಳಿ ಟ್ಯೂಬ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. 6500 ಹಗಲಿನ ಬಿಳಿ ಬೆಳಕಿನ ಬಣ್ಣ. ಹೊರಗೆ ಮೂರು ಗಂಟೆಗೇ ಕತ್ತಲು ಕವಿದು ಮಳೆ ಹೊಯ್ಯುವಾಗ ಆ ಬೆಳಕಿನಲ್ಲಿ ಮನೆಮಂದಿಯೆಲ್ಲ ಜ್ವರ ಬಂದವರ ಹಾಗೆ ಕಾಣುತ್ತಾರೆ. 2700ರಿಂದ 3000 ಕೆಲ್ವಿನ್ ಅಂತ ಡಬ್ಬಿಯ ಮೇಲೆ ಬರೆದಿರುವ ಬಲ್ಬು ತನ್ನಿ. ಬೆಲೆ ಒಂದೇ. ಓದುವ ಮೇಜು, ತರಕಾರಿ ಹೆಚ್ಚುವ ಕಟ್ಟೆ, ಇಂಥ ಕಡೆ ಮಾತ್ರ ಬೆಳ್ಳಗಿನದು ಇರಲಿ.

ಈ ಪಾಠಕ್ಕೆ ದುಡ್ಡಿಗಿಂತ ಮುಂದಾಲೋಚನೆ ಹೆಚ್ಚು ಬೇಕು. ಗೋಡೆ ಕೊರೆದು ಪೈಪ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಎಲ್ಲಿ ಯಾವ ಎತ್ತರಕ್ಕೆ ಪಾಯಿಂಟ್ ಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿ. ಹಾಗೇ ಒಂದೊಂದು ಕೋಣೆಯ ಒಂದೊಂದು ತಗ್ಗಿನ ದೀಪವನ್ನು ಯುಪಿಎಸ್ ಲೈನಿಗೆ ಕೊಡಿ. ಗಾಳಿ ಬಂದು ಮರ ಬಿದ್ದು ಎರಡು ದಿನ ಕರೆಂಟ್ ಹೋಗುವ ಊರಿನವರು ನಾವು. ಹೆಂಚಿನ ಮಾಡಿದ್ದರೆ ಇನ್ನೊಂದು ಉಪಾಯ ಎಲ್ಲರಿಗೂ ಗೊತ್ತು, ಈಗೀಗ ಮರೆಯುತ್ತಿದ್ದೇವೆ: ಗಾಜಿನ ಹೆಂಚು. ಕತ್ತಲ ಒಳಕೋಣೆಗೆ ಎರಡು ಗಾಜಿನ ಹೆಂಚು ಕೊಡುವ ಬೆಳಕನ್ನು ಯಾವ ವಿನ್ಯಾಸಕಾರರ ದೀಪವೂ ಕೊಡಲಾರದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಸೋಗೆ, ಹುಲ್ಲಿನ ಮಾಡುಗಳು ಒಂದೊಂದಾಗಿ ಹೆಂಚಿಗೆ ತಿರುಗಿದವು. ಬೆಳಕಿಗೆ ಕಿಂಡಿ ಬಿಡುವ ಈ ಅನುಕೂಲ ಅದರ ಜೊತೆಗೇ ಬಂತು. ಈಗ ಅದೇ ಹೆಂಚಿನ ಕೆಳಗೆ ಜಿಪ್ಸಂ ಫಾಲ್ಸ್ ಸೀಲಿಂಗ್ ಹೊಡೆಸುವವರಿದ್ದಾರೆ. ಹೆಂಚು ಒಂದು ಸರಿದರೂ ಜಿಪ್ಸಂ ನೀರು ಕುಡಿದು ಹಳದಿ ಕಲೆ ಬಿಡುತ್ತದೆ, ಆಮೇಲೆ ಜೋತು ಬೀಳುತ್ತದೆ. ಅದಕ್ಕೆ ಮುಂಚೆ ಇಲಿಗಳು ಅದರ ಮೇಲೆ ಸಂಸಾರ ಹೂಡಿರುತ್ತವೆ. ಶೋಹೌಸ್‌ಗಳಲ್ಲಿ ಈಗ ಚಾವಣಿಯನ್ನು ಐದನೆಯ ಗೋಡೆ ಅಂತ ಕರೆದು ಅದಕ್ಕೆ ಬಣ್ಣ, ಮರ, ಕಾಗದ ಎಲ್ಲ ಹಚ್ಚುತ್ತಿದ್ದಾರೆ. ತೊಲೆ, ಪಕಾಸು, ರೀಪು, ಹೆಂಚು ಇಷ್ಟೆಲ್ಲ ಕಾಣುವ ಮಾಡು ಇರುವವರು ಅದನ್ನು ಮುಚ್ಚಿ ಬೇರೆ ಏನು ತೋರಿಸಬೇಕು?

ಎರಡನೆಯದು ಬಾಗಿಲು. ಅಮೆರಿಕದ, ಯುರೋಪಿನ ಶೋಹೌಸ್‌ಗಳಲ್ಲಿ ಹೊರಬಾಗಿಲಿಗೆ ಅಂಟಿದ ಒಂದು ಪುಟ್ಟ ಕೋಣೆಗೆ ಬಹಳ ಮುತುವರ್ಜಿ. ಹಿಮ, ಕೆಸರು ಮೆತ್ತಿದ ಬೂಟು ಕಳಚಲು ಕೂರುವ ಬೆಂಚು, ಕೋಟು ನೇತುಹಾಕುವ ಗೂಟ, ಒದ್ದೆ ಸಾಮಾನಿಗೆ ಜಾಲರಿ ತಳದ ಗೂಡು. ಬೆಂಗಳೂರಿನ ಮನೆಯಲ್ಲೂ ಒಬ್ಬರು ಅದನ್ನು ಮಾಡಿದ್ದರು. ಆ ಊರಿಗೆ ಅಷ್ಟೇನೂ ಬೇಕಾಗದ ಅದು ನಮಗೆ ಹೇಳಿಮಾಡಿಸಿದ್ದು. ತೋಟದಿಂದ ಬಂದವರ ಗಂಬೂಟು, ಇಂಬಳ ಹತ್ತಿದೆಯೇ ಅಂತ ಕಾಲು ನೋಡಿಕೊಳ್ಳುವ ಜಾಗ, ಸೋರುವ ಕೊಡೆ, ರೇನ್‌ಕೋಟು, ಹೆಲ್ಮೆಟ್ಟು. ಹಳೆ ಮನೆಗಳಲ್ಲಿ ಇದಕ್ಕೆಲ್ಲ ಜಗಲಿಯಿತ್ತು, ಅಂಗಳದ ಮೂಲೆಯಲ್ಲಿ ಕಾಲು ತೊಳೆಯಲು ನೀರಿತ್ತು. ಸೈಟಿನ ಮನೆಗಳಲ್ಲಿ ಜಗಲಿ ಹೋಗಿ ಪೋರ್ಟಿಕೊ ಬಂತು, ಅದನ್ನು ಕಾರು ನುಂಗಿತು. ಹಾಗಾಗಿ ಕೊಡೆ ಟಿವಿ ಸ್ಟ್ಯಾಂಡಿನ ಪಕ್ಕ ಸೋರುತ್ತಿರುತ್ತದೆ. ಬಾಗಿಲ ಬಳಿ ನಾಲ್ಕಡಿಗೆ ಆರಡಿ ಜಾಗ ಬಿಡಿ. ನೆಲಕ್ಕೆ ಒರಟು ಕಡಪ ಕಲ್ಲು, ನೀರು ಹೋಗಲು ಇಳಿಜಾರು ಮತ್ತು ಒಂದು ತೂತು, ಗೋಡೆಯಲ್ಲಿ ಮರದ ಗೂಟಗಳು, ಕೂರಲು ಕಟ್ಟೆ. ಮಾಡ್ಯುಲರ್ ಶೂ ರ‍್ಯಾಕ್ ಮಾತ್ರ ಬೇಡ. ಮುಚ್ಚಿದ ಪೆಟ್ಟಿಗೆಯೊಳಗೆ ಒದ್ದೆ ಚಪ್ಪಲಿ ಇಟ್ಟರೆ ಏನು ಬೆಳೆಯುತ್ತದೆ ಅಂತ ನಿಮಗೆ ಗೊತ್ತು.

ಕಿಟಕಿಗೆ ಆನಿಸಿ ಕಟ್ಟಿದ ಕೂರುಜಾಗ, ಊಟದ ಮೇಜಿಗೆ ಕುರ್ಚಿಯ ಬದಲು ಗೋಡೆಯುದ್ದದ ಬೆಂಚು, ಇವು ಈಗ ಎಲ್ಲ ಶೋಹೌಸ್‌ಗಳಲ್ಲೂ ಉಂಟು. ಧಾರಾಳವಾಗಿ ಮಾಡಿಸಿ. ಮಳೆ ನೋಡುತ್ತ ಕೂರುವುದಕ್ಕಿಂತ ದೊಡ್ಡ ಮನರಂಜನೆ ನಮ್ಮಲ್ಲಿ ಜುಲೈ ತಿಂಗಳಲ್ಲಿ ಇನ್ನೇನಿದೆ? ಒಂದೇ ಎಚ್ಚರ: ಬೆಂಚಿನ ಕೆಳಗಿನ ಜಾಗ ವ್ಯರ್ಥವಾಗಬಾರದು ಅಂತ ಅದನ್ನು ಪೆಟ್ಟಿಗೆ ಮಾಡಿ ಕಂಬಳಿ ತುಂಬಬೇಡಿ. ಗಾಳಿ ಆಡಲಿ.

ಬಣ್ಣದ ಮಾತು. ಗೋಡೆ, ಚಾವಣಿ, ಕಿಟಕಿ ಚೌಕಟ್ಟು, ಬಾಗಿಲು ಎಲ್ಲಕ್ಕೂ ಒಂದೇ ಬಣ್ಣ ಬಳಿದು ಕೋಣೆಯನ್ನು ಅದರಲ್ಲಿ ಅದ್ದಿ ತೆಗೆದ ಹಾಗೆ ಮಾಡುವುದು ಈಗಿನ ಗೀಳು. ಅಲ್ಲಿ ಓದುವ ಕೋಣೆಯೊಂದನ್ನು ಕಡು ಹಸಿರಿನಲ್ಲಿ ಮುಳುಗಿಸಿದ್ದರು. ಬೆಂಗಳೂರಿನ ಬಿಸಿಲಿಗೆ ಅದು ತಂಪು. ಅದನ್ನೇ ಹೊಸನಗರದ ತೋಟದ ಮನೆಯಲ್ಲಿ ಊಹಿಸಿಕೊಳ್ಳಿ. ಕಿಟಕಿಯಾಚೆ ಅಡಿಕೆ, ಬಾಳೆ, ಗುಡ್ಡ. ಒಳಗೆ ಬರುವ ಬೆಳಕೇ ಎಲೆಗಳಿಗೆ ತಾಗಿ ಹಸಿರಾಗಿ ಬರುತ್ತದೆ. ಬಿಳಿ ಗೋಡೆ ಕೂಡ ನಮ್ಮಲ್ಲಿ ಮಳೆಗಾಲದಲ್ಲಿ ಬಿಳಿಯಾಗಿ ಕಾಣುವುದಿಲ್ಲ. ಅಂಥಲ್ಲಿ ಬೂದು, ನೀಲಿ ಹಚ್ಚಿದರೆ ಮನೆ ಅಳುವ ಹಾಗೆ ಕಾಣುತ್ತದೆ. ಬೂದು ಬಣ್ಣ ನಮ್ಮ ಕಡೆಯೂ ಹತ್ತು ವರ್ಷದಿಂದ ಓಡುತ್ತಿದೆ, ನನಗೆ ಮಾತ್ರ ಇವತ್ತಿಗೂ ಒಗ್ಗಿಲ್ಲ. ನಮಗೆ ಹೊಂದುವುದು ಕೆಮ್ಮಣ್ಣು, ಇಟ್ಟಿಗೆ, ಅರಿಸಿನ, ಬೆಣ್ಣೆಯ ಬಣ್ಣಗಳು.

ನೀವು ಚಿತ್ರ ನೋಡಿ ಹುಡುಕುವುದಿದ್ದರೆ ಸ್ವೀಡನ್, ಡೆನ್ಮಾರ್ಕ್ ಮನೆಗಳನ್ನು ಬಿಡಿ ಅಂತ ನನ್ನ ಸಲಹೆ. ಅಲ್ಲಿನ ಬಿಳಿ ಗೋಡೆ, ತೆಳು ಬಣ್ಣದ ಮರ ಎಲ್ಲ ಚಳಿಗಾಲದಲ್ಲಿ ದಿಗಂತಕ್ಕೆ ಅಂಟಿಕೊಂಡೇ ಇರುವ ಸೂರ್ಯನ ಅಷ್ಟಿಷ್ಟು ಬೆಳಕನ್ನು ಹಿಡಿಯಲು. ಹೀಟರ್ ಹಾಕಿದ ಆ ಮನೆಗಳ ಒಳಗಿನ ಗಾಳಿ ಒಣಗಿರುತ್ತದೆ. ಶ್ರೀಲಂಕಾದ ಜೆಫ್ರಿ ಬಾವಾ (1919–2003) ಕಟ್ಟಿದ ಮನೆಗಳನ್ನು ನೋಡಿ. ಚಾಚಿದ ಸೂರು, ಒಳ ಅಂಗಳ, ಅರ್ಧ ಹೊರಗೆ ಅರ್ಧ ಒಳಗೆ ಇರುವ ಪಡಸಾಲೆ. ಮಳೆಯ ನಾಡಿನವರು ಮಳೆಯ ನಾಡಿಗಾಗಿ ಯೋಚಿಸಿದ್ದು. ಅಷ್ಟು ದೂರವೂ ಬೇಡವೆಂದರೆ ಕುಪ್ಪಳಿಗೆ ಹೋಗಿ. ಕುವೆಂಪು ಅವರ ಮನೆಯನ್ನು ಎಲ್ಲರೂ ಕವಿಗಾಗಿ ನೋಡುತ್ತಾರೆ, ನೋಡಲೇಬೇಕು. ಒಮ್ಮೆ ಮನೆಗಾಗಿಯೂ ನೋಡಿ. ನಡುವಿನ ಅಂಗಳದಲ್ಲಿ ನಿಂತು, ಸೂರಿನ ಕೆಳಗಿನ ನೆರಳು ಎಲ್ಲಿಯತನಕ ಬಂದಿದೆ, ಮೂರು ಅಂತಸ್ತಿನ ಮನೆಯಲ್ಲಿ ಮೇಲಿನ ಕೋಣೆಗೆ ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಗಮನಿಸಿ. ಟೇಪು ಹಿಡಿದು ಹೋದರೂ ತಪ್ಪಿಲ್ಲ.

ಇನ್ನು ಸಾಮಾನು. ಇಲ್ಲಿ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ದುಡ್ಡು ಹಾಳಾಗುವುದು ಇಲ್ಲಿಯೇ.

ಶೋಹೌಸ್‌ನ ಬೀರು, ಅಡುಗೆಮನೆಯ ಕಪಾಟು ಬಹುಪಾಲು ಎಂಡಿಎಫ್. ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ನುಣುಪಾಗಿ ಕೊರೆಯಬಹುದು, ಬಣ್ಣ ಚೆನ್ನಾಗಿ ಕೂರುತ್ತದೆ, ಈಗ ಎಲ್ಲೆಲ್ಲೂ ಕಾಣುವ ಗೆರೆಗೆರೆ ಪ್ಯಾನೆಲ್‌ಗಳೆಲ್ಲ ಹೆಚ್ಚಾಗಿ ಅದರಿಂದಲೇ. ಆದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತೇವ ಹೀರಿ ಊದಿಕೊಳ್ಳುತ್ತದೆ. ಊದಿದ್ದು ಬೇಸಿಗೆಯಲ್ಲಿ ಮತ್ತೆ ಮೊದಲಿನ ಹಾಗಾಗುವುದಿಲ್ಲ. ಪ್ಲೈವುಡ್ ಕೊಳ್ಳುವಾಗ ಅಂಗಡಿಯವರು ‘ವಾಟರ್‌ಪ್ರೂಫ್’ ಅಂದದ್ದನ್ನು ನಂಬಿ ಬರಬೇಡಿ. ಹಲಗೆಯ ಮೇಲಿನ ಮುದ್ರೆ ಓದಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು, ಅದರಲ್ಲೂ ಎಂಆರ್ ಅಂತಿದ್ದರೆ ಗಾಳಿಯ ತೇವವನ್ನು ಸ್ವಲ್ಪ ತಡೆದೀತು, ನೀರನ್ನಲ್ಲ. ಐಎಸ್ 710 ಅಂತಿದ್ದರೆ ಮರೈನ್ ದರ್ಜೆ. ಅದರ ಅಂಟು ಫಿನಾಲ್ ಫಾರ್ಮಾಲ್ಡಿಹೈಡ್‌ನದು, ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷಿಸಿದ್ದು. ಸಿಂಕಿನ ಕೆಳಗೆ, ಬಚ್ಚಲಿನ ಗೋಡೆಗೆ ತಾಗಿದ ಕಡೆ 710 ಬಿಟ್ಟು ಬೇರೆ ಬೇಡ. ಇಡೀ ಮನೆಗೆ ಅದನ್ನೇ ಹಾಕುವಷ್ಟು ಅನುಕೂಲವಿಲ್ಲದಿದ್ದರೆ ಉಳಿದ ಕಡೆ ಬಿಡಬ್ಲ್ಯುಆರ್, ಅಂದರೆ ಕುದಿಯುವ ನೀರನ್ನು ಒಂದಿಷ್ಟು ತಡೆಯುವ ದರ್ಜೆ, ಸಾಕು. ಹಲಗೆಯ ಹಿಂಬದಿಗೂ ಅಂಚಿಗೂ ಸೀಲರ್ ಅಥವಾ ಲ್ಯಾಮಿನೇಟ್ ಬೀಳಬೇಕು. ಕಣ್ಣಿಗೆ ಕಾಣದ ಕಡೆ ಹಣ ಉಳಿಸೋಣ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ, ಬೂಷ್ಟು ಬರುವುದು ಆ ಕಾಣದ ಕಡೆಯಿಂದಲೇ.

ಸಾಮಾನಿಗಿಂತ ಮುಖ್ಯ ಅದನ್ನು ಇಡುವ ಗೋಡೆ. ನಮ್ಮ ಮುಂಗಾರು ಬಡಿಯುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ಹೊರಗೋಡೆಗೆ ಅಂಟಿಸಿ ಬೀರು ಮಾಡಿಸಿದರೆ ಯಾವ ಪ್ಲೈವುಡ್ಡೂ ನಿಮ್ಮ ಸೀರೆ ಕಾಪಾಡುವುದಿಲ್ಲ. ಬೀರು ಒಳಗೋಡೆಗೆ ಬರಲಿ; ಹಿಂದೆ ಒಂದೆರಡು ಇಂಚು ಸಂದು ಬಿಡಿ, ಕೆಳಗೆ ಕಾಲು ಕೊಡಿ. ಮೊದಲು ಜನ ಬೀರುವಿನೊಳಗೆ ಜೀರೋ ಬಲ್ಬ್ ಉರಿಸುತ್ತಿದ್ದರಲ್ಲ, ಅದು ಬೆಳಕಿಗಲ್ಲ, ಅದರ ಬಿಸಿಗೆ. ಈಗ ಅದೇ ಜಾಗಕ್ಕೆ ಎಲ್‌ಇಡಿ ಹಾಕಿ ‘ನಾವೂ ಬಲ್ಬ್ ಇಟ್ಟಿದ್ದೇವೆ, ಆದರೂ ಮುಗ್ಗು’ ಅನ್ನುತ್ತಾರೆ. ಎಲ್‌ಇಡಿಗೆ ಆ ಬಿಸಿಯಿಲ್ಲ.

ಈ ವಿಷಯದಲ್ಲಿ ಶೋಹೌಸ್ ನನಗೆ ಒಂದು ಒಳ್ಳೆಯದನ್ನೂ ತೋರಿಸಿತು: ಬೆತ್ತದ ನೇಯ್ಗೆಯ ಬಾಗಿಲುಗಳು. ಈಗ ದೊಡ್ಡ ಫ್ಯಾಷನ್. ಅವರು ಅಂದಕ್ಕೆ ಹಾಕಿದ್ದರು, ನಾನು ಗಾಳಿಗೆ ಹಾಕಿಸಿ ಅನ್ನುತ್ತೇನೆ. ಬೀರುವಿನ ಬಾಗಿಲಿನ ಮೇಲಿನ ಕಾಲುಭಾಗ, ಕೆಳಗಿನ ಒಂದು ಗೇಣು ಬೆತ್ತ ಅಥವಾ ಓರೆಪಟ್ಟಿ ಇದ್ದರೆ ಒಳಗಿನ ಗಾಳಿ ನಿಲ್ಲುವುದಿಲ್ಲ. ಬೆತ್ತಕ್ಕೆ ವಾರ್ನಿಷ್ ಇರಲಿ, ಮಳೆಗಾಲದಲ್ಲಿ ಆಗಾಗ ಒಣ ಬಟ್ಟೆಯಲ್ಲಿ ಒರೆಸಿ. ಉಣ್ಣೆಯ ಗಂಟುಗಂಟಿನ ಹಾಗಿರುವ ಬೂಕ್ಲೆ ಬಟ್ಟೆಯ ದುಂಡು ಸೋಫಾಗಳು ಕೂಡ ಫ್ಯಾಷನ್ನೇ. ಅದನ್ನು ಅಲ್ಲಿಯೇ ಕೂತು ನೋಡಿ ಬನ್ನಿ.

ಗೋಡೆಗೆ ಬರೋಣ. ಒಂದು ಮಲಗುವ ಕೋಣೆಗೆ ಸುಣ್ಣದ ಗಾರೆ ಮಾಡಿಸಿದ್ದರು, ಇಟಲಿಯಿಂದ ತರಿಸಿದ ಮಾಲು. ಮೋಡದ ಹಾಗೆ ಏರಿಳಿತ, ಮುಟ್ಟಬೇಕು ಅನ್ನಿಸುವಂಥದ್ದು. ಅಡಿಗೆ ಇಷ್ಟು ಅಂತ ಹೇಳಿದ ದರ ಕೇಳಿ ನಾನು ಕೈ ಹಿಂದೆ ತೆಗೆದುಕೊಂಡೆ. ನಮ್ಮ ಅಜ್ಜಿಯರ ಗೋಡೆಯಲ್ಲಿ ಇದ್ದದ್ದೂ ಸುಣ್ಣವೇ. ಸುಣ್ಣದ ಗುಣ ಎರಡು. ಅದು ಕ್ಷಾರ, ಬೂಷ್ಟಿಗೆ ಆಗಿಬರುವುದಿಲ್ಲ. ಮತ್ತೆ ಅದು ಉಸಿರಾಡುತ್ತದೆ, ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಜಂಬಿಟ್ಟಿಗೆ ಕಲ್ಲಿನ ಹಳೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿದಾಗ ಆ ತೇವಕ್ಕೆ ದಾರಿಯಿಲ್ಲ; ಅದಕ್ಕೇ ಎರಡನೆಯ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಬಿಡುತ್ತದೆ. ಹಳೆ ಮನೆ ರಿಪೇರಿ ಮಾಡಿಸುವವರು ಸುಣ್ಣಕ್ಕೇ ಅಂಟಿಕೊಳ್ಳಿ. ಪ್ಲಾಸ್ಟಿಕ್ ಬಣ್ಣ ಈಗಾಗಲೇ ಇದ್ದರೆ ಅದರ ಮೇಲೆ ಸುಣ್ಣ ಹಿಡಿಯದು, ಕೆರೆದು ತೆಗೆಯಬೇಕು. ಬೆನ್ನಿಗೆ ಅಂಟುತ್ತದೆ ಅನ್ನುವ ದೂರಿಗೆ ಅಂಟು ಬೆರೆಸಿ ಹಚ್ಚುವ ಕ್ರಮ ಹಳೆಯದೇ ಇದೆ.

ಕಾವಿ ನೆಲ ಮತ್ತೆ ಬಂದಿದೆ, ಬಹಳ ಸಂತೋಷ. ಆದರೆ ರೆಡ್ ಆಕ್ಸೈಡ್ ಪುಡಿ ಅಂಗಡಿಯಲ್ಲಿ ಸಿಗುತ್ತದೆ, ಕೈ ಸಿಗುವುದಿಲ್ಲ. ಒಂದು ಕೋಣೆ ಶುರು ಮಾಡಿದರೆ ಅದೇ ದಿನ, ಅದೇ ಜನ, ಒಂದೇ ಮಿಶ್ರಣದಲ್ಲಿ ಮುಗಿಸಬೇಕು. ಕರಣೆಯಲ್ಲಿ ಉಜ್ಜುತ್ತಲೇ ಇರಬೇಕು. ಆಮೇಲೆ ನೀರು ನಿಲ್ಲಿಸಿ ಹದಕ್ಕೆ ತರಬೇಕು. ನಡುವೆ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ಕೊಡದೆ ದೊಡ್ಡ ಹಾಲನ್ನು ಒಂದೇ ಹಾಸಾಗಿ ಮಾಡಿದರೆ ಬಿರುಕು ಖಂಡಿತ. ಹಳೆ ಮೇಸ್ತ್ರಿಗಳು ಯಾರಾದರೂ ನಿಮ್ಮೂರಿನಲ್ಲಿ ಉಳಿದಿದ್ದರೆ ಮೊದಲು ಅವರ ಪುರುಸೊತ್ತು ಕೇಳಿ, ಆಮೇಲೆ ಗೃಹಪ್ರವೇಶದ ಮುಹೂರ್ತ ಇಡಿಸಿ. ನೆಲ ಬೆವರುತ್ತದೆ ಅನ್ನುತ್ತೀರಿ. ಬೆವರುವುದು ಹೌದು, ವಿಟ್ರಿಫೈಡ್ ಟೈಲೂ ಬೆವರುತ್ತದೆ. ತಣ್ಣಗಿನ ನೆಲಕ್ಕೆ ತೇವದ ಬೆಚ್ಚನೆ ಗಾಳಿ ತಾಗಿದರೆ ಆಗುವುದೇ ಅದು.

ಈಗ ನನ್ನನ್ನು ಕಾಡಿದ ಕೋಣೆ. ಎರಡು ಅಂತಸ್ತಿನ ಎತ್ತರದ ಆ ಹಾಲಿನಲ್ಲಿ ಒಂದು ಜೊತೆ ಹಳೆ ಮರದ ಕಂಬ ನಿಲ್ಲಿಸಿದ್ದರು. ನಮ್ಮ ಕಡೆಯವೇ, ಕೆತ್ತನೆ ನೋಡಿದರೆ ಗೊತ್ತಾಗುತ್ತದೆ. ಮೇಲೆ ತೊಲೆಗೆ ಆನಿಕೆಯಾಗುವ ಬೋದಿಗೆಯಿಲ್ಲ, ತೊಲೆಯೂ ಇಲ್ಲ. ಚಾವಣಿಗೆ ಮುಟ್ಟುವ ಮೊದಲೇ ನಿಂತುಬಿಟ್ಟಿವೆ, ತುದಿಗೆ ಒಂದೊಂದು ದೀಪ. ಒಂದು ಕಂಬದಲ್ಲಿ, ನೆಲದ ಮೇಲೆ ಕೂತವರ ಎದೆಯ ಮಟ್ಟಕ್ಕೆ, ಹಗ್ಗ ಸವೆದ ಗುರುತು ಇತ್ತು. ನೋಡಲು ಬಂದವರೊಬ್ಬರು ಅದು ಕೆತ್ತನೆಯ ಭಾಗವೇ ಅಂತ ಕೇಳಿದರು. ಮಜ್ಜಿಗೆ ಕಡೆದ ಕಂಬ ಅದು. ಯಾರ ಮನೆಯ ಅಡುಗೆಮನೆಯದೋ.

ಮನೆ ಬಿಚ್ಚುವುದು, ಮರಮಟ್ಟು ಬೇರೆ ಕಡೆ ಹೋಗುವುದು ನಮಗೆ ಹೊಸದಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರಲ್ಲಿ ಕಂಬ, ಬಾಗಿಲು, ತೊಲೆ ಬಿಚ್ಚಿ ಹೇರಿಕೊಂಡು ಹೋಗಿ ಹೊಸ ಜಾಗದಲ್ಲಿ ಮನೆ ಎಬ್ಬಿಸಿದವರಿದ್ದಾರೆ. ಮಣಿಪಾಲದ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಇಡಿಯಾಗಿ ತಂದು ಕಟ್ಟಿ ನಿಲ್ಲಿಸಿದರು. ಅಲ್ಲೆಲ್ಲ ಕಂಬ ಮತ್ತೆ ಭಾರ ಹೊತ್ತಿತು. ಇಲ್ಲೇ ಕೋಟೆಯ ಬಳಿ ಶಿವಪ್ಪ ನಾಯಕ ಅರಮನೆಗೆ ಹೋಗಿ ನೋಡಿ. ದರ್ಬಾರು ಹಾಲಿನ ಆ ದಪ್ಪ ಮರದ ಕಂಬಗಳ ಅಂದ ಬಹುಪಾಲು ಅವು ಹೊತ್ತ ಭಾರದ್ದೇ. ಮೇಲಿನ ಮಾಡನ್ನು ತೆಗೆದು ಕಂಬವನ್ನಷ್ಟೇ ಬಿಟ್ಟರೆ ಉಳಿಯುವುದು ದಿಮ್ಮಿ.

ಹಾಗಾಗಿ ನಿಮ್ಮಲ್ಲಿ ಯಾರಾದರೂ ಹಳೆ ಮನೆ ಬಿಚ್ಚುವವರಿದ್ದರೆ, ಕಂಬ ಕೊಳ್ಳಲು ಗಾಡಿ ಬಾಗಿಲಿಗೆ ಬರುವ ಮೊದಲು ಆಚಾರ್ರನ್ನು ಕರೆಸಿ. ಕಂಬ, ಬೋದಿಗೆ, ಕೆಳಗಿನ ಕಲ್ಲು, ಮೂರೂ ಒಟ್ಟಿಗೆ ಇರಬೇಕು, ಗುರುತು ಹಾಕಿ ಇಡಿ. ಕಲ್ಲಿನ ಮೇಲೆ ಕಂಬ ನಿಲ್ಲಿಸುತ್ತಿದ್ದದ್ದು ಸುಮ್ಮನೆ ಅಲ್ಲ: ನೆಲದ ತೇವ ಏರಬಾರದು, ಒರಲೆ ಹತ್ತಿದರೆ ಕಣ್ಣಿಗೆ ಬೀಳಬೇಕು. ಹೊಸ ಮನೆಯಲ್ಲಿ ಟೈಲಿನೊಳಗೆ ಹೂತು ನಿಲ್ಲಿಸಿದರೆ ಎರಡೂ ಕೆಡುತ್ತದೆ. ಹೊಸ ಮನೆಯ ಮುಂದೆ ಒಂದು ಸಣ್ಣ ಜಗಲಿಯ ಮಾಡನ್ನಾದರೂ ಆ ಕಂಬಗಳು ಹೊರಲಿ. ಸಾಗುವಾನಿ, ಬೀಟೆ ಸಾಗಿಸುವುದಿದ್ದರೆ ಅರಣ್ಯ ಇಲಾಖೆಯ ಪರವಾನಗಿ ಮೊದಲು ಮಾಡಿಸಿಕೊಳ್ಳಿ. ನಿಮ್ಮ ಮನೆಯದೇ ಮರ ಅಂತ ಚೆಕ್‌ಪೋಸ್ಟ್‌ನಲ್ಲಿ ವಾದಿಸಿ ಪ್ರಯೋಜನವಿಲ್ಲ.

ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಹಸೆ ಚಿತ್ತಾರವನ್ನು ವಾಲ್‌ಪೇಪರ್‌ ಮೇಲೆ ಮುದ್ರಿಸಿ ಒಂದು ಗೋಡೆಗೆ ಅಂಟಿಸಿದ್ದರು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಗೋಡೆಯ ಮೇಲೆಯೇ ಬರೆಯುವ ಚಿತ್ತಾರ ಅದು. ಬರೆಯುವವರು ನಮ್ಮ ನಡುವೆ ಇರುವಾಗ ಮುದ್ರಿಸಿದ ಕಾಗದ ಯಾಕೆ? ಕರೆಸಿ, ಕೆಲಸಕ್ಕೆ ತಕ್ಕ ಸಂಬಳ ಕೊಟ್ಟು, ಹೊರಬಾಗಿಲ ಪಕ್ಕದ ಕೆಮ್ಮಣ್ಣಿನ ಗೋಡೆಯಲ್ಲಿ ಬರೆಸಿ. ಪರದೆ, ದಿಂಬಿನ ಬಟ್ಟೆಗೆ ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕದವರ ಕೈಮಗ್ಗವಿದೆ. ಅಡಿಕೆ ಚೊಗರಿನಲ್ಲಿ ಬಣ್ಣ ಕಟ್ಟುತ್ತಾರೆ. ಆ ಕೆಂಗಂದು ನಾನು ಮೊದಲು ಹೇಳಿದ ಬಣ್ಣಗಳ ಜೊತೆ ಚೆನ್ನಾಗಿ ಕೂರುತ್ತದೆ. ತೆಳು ಹತ್ತಿ ಬೇಗ ಒಣಗುತ್ತದೆ ಕೂಡ.

ಒಣಗುವ ಮಾತು ಬಂತು. ಇಡೀ ಶೋಹೌಸ್ ಸುತ್ತಿದರೂ ಬಟ್ಟೆ ಒಣಹಾಕುವ ಜಾಗ ಒಂದೂ ಕಾಣಲಿಲ್ಲ. ನಮ್ಮ ಹೊಸ ಮನೆಗಳ ನಕ್ಷೆಯಲ್ಲೂ ಅದಿಲ್ಲ. ಹಳೆ ಮನೆಯಲ್ಲಿ ಬಚ್ಚಲಿನ ಒಲೆ, ಅದರ ಮೇಲೆ ಬಟ್ಟೆ ಹಾಕುವ ಗಳು. ಹಂಡೆಯ ನೀರು ಕಾಯುತ್ತಿದ್ದ ಹಾಗೆ ಬಟ್ಟೆಯೂ ಒಣಗುತ್ತಿತ್ತು, ಸ್ವಲ್ಪ ಹೊಗೆ ವಾಸನೆ ಬರುತ್ತಿತ್ತು, ಬರಲಿ. ಈಗ ಗೀಸರ್ ಬಂದು ಒಲೆ ಹೋಯಿತು, ಬಟ್ಟೆ ಹಾಲಿಗೆ ಬಂತು. ಸೋಫಾದ ಬೆನ್ನು, ಕುರ್ಚಿ, ಕಿಟಕಿ ಸರಳು, ಎಲ್ಲೆಲ್ಲೂ ಒದ್ದೆ ಬಟ್ಟೆ. ಲಕ್ಷಗಟ್ಟಲೆ ಸುರಿದ ಇಂಟೀರಿಯರ್ ನಾಲ್ಕು ತಿಂಗಳು ಅದರ ಕೆಳಗೆ ಮುಚ್ಚಿಹೋಗುತ್ತದೆ, ಜೊತೆಗೆ ಆ ನೀರೆಲ್ಲ ಆವಿಯಾಗಿ ನಿಮ್ಮ ಬೀರುವಿಗೇ ಸೇರುತ್ತದೆ. ಆರಡಿಗೆ ಎಂಟಡಿಯ ಒಂದು ಕೋಣೆ ಬಚ್ಚಲಿನ ಪಕ್ಕ ಮಾಡಿಸಿ. ಮಳೆ ಬಡಿಯದ ಪೂರ್ವದ ಕಡೆ ಜಾಲಂದ್ರ, ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್, ಮೇಲೆ ಸಾಲು ಗಳು, ಕೆಳಗೆ ಇಳಿಜಾರು ನೆಲ. ಹಂಡೆ ಒಲೆ ಉಳಿಸಿಕೊಂಡವರು ಅದರ ಗೋಡೆಗೇ ಈ ಕೋಣೆ ಅಂಟಿಸಿ. ಟೆರೇಸಿಗೆ ಶೀಟ್ ಹಾಕಿಸಿದವರು ಅದರ ಕೆಳಗೆ ಅಡಿಕೆಯ ಜೊತೆ ಬಟ್ಟೆಯನ್ನೂ ಹರವುತ್ತೀರಿ, ಗೊತ್ತು. ಅಲ್ಲಿಗೆ ಮೆಟ್ಟಿಲು ಹತ್ತಿ ಬಕೆಟ್ ಹೊರುವವರು ಯಾರು ಅಂತಲೂ ಒಮ್ಮೆ ನೋಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಬಾಡಿಗೆ ಮನೆಯವರು ಏನು ಮಾಡಬೇಕು ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಬಲ್ಬು ಬದಲಿಸಮ್ಮ ಅಂದೆ; ಎರಡು ನಿಲ್ಲಿಸುವ ದೀಪ, ಗೋಡೆಯಿಂದ ಸರಿಸಿದ ಬೀರು, ತೆಳು ಪರದೆ, ಇಷ್ಟಕ್ಕೆ ಯಾವ ಮನೆ ಮಾಲೀಕರೂ ಬೇಡ ಅನ್ನುವುದಿಲ್ಲ. ವಾಸ್ತು ಪ್ರಕಾರ ನೈಋತ್ಯದಲ್ಲಿಯೇ ಬೀರು ಇರಬೇಕಲ್ಲ ಅಂತ ಹಿರಿಯರೊಬ್ಬರು ಆಕ್ಷೇಪಿಸಿದರು. ಕೋಣೆ ನೈಋತ್ಯದಲ್ಲಿರಲಿ ಸ್ವಾಮಿ, ಆ ಕೋಣೆಯೊಳಗೆ ಬೀರು ಒಳಗೋಡೆಗೆ ಇರಲಿ. ಹೊರಗಡೆ ಸೂರನ್ನು ಇನ್ನೂ ಎರಡಡಿ ಚಾಚಿಸಿ ಅಂದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಕೊನೆಗೆ ಒಬ್ಬರು, ಇಂಟೀರಿಯರ್‌ನವರು ಎಲ್ಲರೂ ಕಂಪ್ಯೂಟರಿನಲ್ಲಿ ಚಂದದ ಚಿತ್ರ ತೋರಿಸುತ್ತಾರೆ, ಯಾರಿಗೆ ಕೆಲಸ ಕೊಡುವುದು ಅಂತ ಕೇಳಿದರು. ಚಿತ್ರ ಬದಿಗಿಡಿ, ಅವರು ಎರಡು ವರ್ಷದ ಹಿಂದೆ ನಮ್ಮ ಕಡೆಯೇ ಮಾಡಿಕೊಟ್ಟ ಮನೆಯೊಂದರ ವಿಳಾಸ ಕೇಳಿ. ಆಗಸ್ಟ್‌ನಲ್ಲಿ ಹೋಗಿ. ಮನೆಯವರು ಒಪ್ಪಿದರೆ ಸಿಂಕಿನ ಕೆಳಗಿನ ಕಪಾಟು ತೆಗೆದು ಅಂಚು ಮುಟ್ಟಿ ನೋಡಿ, ಬೀರು ತೆಗೆದು ವಾಸನೆ ನೋಡಿ. ಆ ಮನೆಯ ಹೆಂಗಸರು ನಿಮಗೆ ಹತ್ತು ನಿಮಿಷದಲ್ಲಿ ಹೇಳುವಷ್ಟನ್ನು ನಾನು ಇಡೀ ಸಂಜೆ ಮಾತಾಡಿದರೂ ಹೇಳಲಾರೆ.